ವಿದ್ಯೆಯ ವಾಯಿದೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ವರ್ಷಕ್ಕೊಮ್ಮೆ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಗಳನ್ನು ಕರೆದೊಯ್ಯುವುದು ನಾನು ಅಧ್ಯಾಪಕನಾದಂದಿನಿಂದ ಬಿಡದೆ ನಡೆಸಿಕೊಂಡು ಬಂದ ಪದ್ಧತಿ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಮನಸ್ಸಿಗೆ ಹತ್ತದ ಕದಂಬರ ಕಥೆ, ಪ್ರಣವೇಶ್ವರ ದೇಗುಲದ ಮುಂದಿನ ಆ ಕಲ್ಲುಕಂಬವನ್ನು ಕಣ್ಣಾರೆ ಕಂಡೊಡನೆ ಹುಡುಗರಿಗೆ ತಮ್ಮ ಊರಿನ ಕಥೆಯಾಗಿಬಿಡುತ್ತದೆ. 1894ರಲ್ಲಿ ಬಿ.ಎಲ್. ರೈಸರು ಬೆಳಕಿಗೆ ತಂದ ಈ ಸ್ತಂಭಶಾಸನ ಐದನೆಯ ಶತಮಾನದ ನಡುಭಾಗದ್ದು. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ, ಕಲ್ಲಿನ ಮೇಲೆ ತಾನೇ ಬರೆದದ್ದು. ಕಾಕುಸ್ಥವರ್ಮನು ಇಲ್ಲಿ ಕಟ್ಟಿಸಿದ ಕೆರೆಯ ವಿಷಯ ಹೇಳಹೊರಟ ಕವಿ, ಅವನ ವಂಶದ ಮೂಲಪುರುಷನಾದ ಮಯೂರಶರ್ಮನ ಕಥೆಯನ್ನೂ ಹೇಳಿದ್ದಾನೆ.

ಕಥೆ ಎಲ್ಲರಿಗೂ ತಿಳಿದದ್ದೇ. ಗುರು ವೀರಶರ್ಮನೊಡನೆ ಮಯೂರಶರ್ಮ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಪಾಠ ಹೇಳುವ ನಮ್ಮಂಥವರು, ಚಲನಚಿತ್ರ ಮಾಡುವವರು, ಎಲ್ಲರೂ ಓಡೋಡಿ ಆ ಕತ್ತಿಯ ಬಳಿಗೇ ಹೋಗುತ್ತೇವೆ. ಆದರೆ ಕತ್ತಿಗೆ ಮುಂಚಿನ ಒಂದು ಸಂಗತಿಯುಂಟು. ವಿದ್ಯಾವಂತರ ಮನೆಯಲ್ಲಿ ಹುಟ್ಟಿ, ಊರಿನಲ್ಲಿ ಕಲಿಯಬಹುದಾದ್ದನ್ನು ಕಲಿತಿದ್ದವನು ಮತ್ತೆ ಕಲಿಯುವುದಕ್ಕೆಂದು ಅಷ್ಟು ದೂರ ನಡೆದುಹೋದನಲ್ಲ, ಏಕೆ? ತನಗೆ ತಿಳಿದದ್ದು ಸಾಲದೆಂದು ಅವನಿಗೆ ತಿಳಿದಿತ್ತು. ಈ ಮಾತನ್ನು ನಾನು ಹುಡುಗರಿಗೆ ಹೇಳತೊಡಗಿದ್ದು ಈಚೆಗೆ, ಮೂರು ವರ್ಷಗಳಿಂದ. ಅದಕ್ಕೆ ಕಾರಣವಾದ ಘಟನೆ ನಡೆದದ್ದು ತಾಳಗುಂದದಲ್ಲಿಯೇ. ಅದರಲ್ಲಿ ನನ್ನ ಪಾತ್ರ ಹೇಳಿಕೊಳ್ಳುವಂಥದಲ್ಲ. ಆದರೂ ಹೇಳುತ್ತೇನೆ.

ಅಂದು ಕಾರ್ತಿಕದ ಒಂದು ಬೆಳಗು. ಭತ್ತದ ಕೊಯ್ಲು ನಡೆದಿತ್ತು. ನಾವು ಶಾಸನ ನೋಡಿ, ಕೆರೆಯ ಕಡೆಗೆ ನಡೆಯುತ್ತಿದ್ದಾಗ ಗದ್ದೆಯಲ್ಲಿ ಹೆಂಗಸರು ಕೂಗಿಕೊಂಡರು. ಕೊಯ್ಲಿಗೆ ಬಂದಿದ್ದ ಹೆಣ್ಣುಮಗಳೊಬ್ಬಳಿಗೆ ಹಿಮ್ಮಡಿಯ ಮೇಲೆ ಹಾವು ಕಚ್ಚಿತ್ತು. ಹಾವನ್ನು ಕಂಡವರು ಕೊಳಕುಮಂಡಲ ಎಂದರು. ಹುಡುಗನೊಬ್ಬ ಕೂಡಲೇ 108ಕ್ಕೆ ಫೋನು ಮಾಡಿದ. ಅಲ್ಲಿದ್ದವರಲ್ಲಿ ಹಿರಿಯನೂ ಓದಿದವನೂ ನಾನೇ ಆದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ನನಗೂ ಗೊತ್ತಿತ್ತು, ಅಥವಾ ಗೊತ್ತಿದೆಯೆಂದುಕೊಂಡಿದ್ದೆ. ಬಾಲ್ಯದಲ್ಲಿ ಕಲಿತ ಪ್ರಥಮ ಚಿಕಿತ್ಸೆಯ ಪಾಠ ನನಗೆ ಅಕ್ಷರಶಃ ಬಾಯಿಪಾಠವಿತ್ತು. ವಿದ್ಯಾರ್ಥಿನಿಯೊಬ್ಬಳ ದುಪಟ್ಟಾ ಇಸಿದುಕೊಂಡು ಆಕೆಯ ಮೊಣಕಾಲ ಕೆಳಗೆ ಸುತ್ತಿ, ಗಂಟಿನಲ್ಲಿ ಕೋಲು ತೂರಿಸಿ, ಇನ್ನು ತಿರುವಲಾರದೆಂಬಷ್ಟು ತಿರುವಿ ಬಿಗಿದೆ. ವಿಷ ಮೇಲೇರಬಾರದು ತಾನೆ? ಆಕೆ ನೋವಿನಿಂದ ಚೀರಿದಳು. ನಾನು ಬಿಡಲಿಲ್ಲ. ಗಾಯವನ್ನು ಕುಯ್ದು ರಕ್ತ ಹರಿಸಬೇಕೆಂಬುದೂ ಪಾಠದಲ್ಲಿತ್ತು. ಆದರೆ ಆಕೆಯ ಅತ್ತೆ ಕುಡುಗೋಲನ್ನು ನನ್ನ ಕೈಗೆ ಕೊಡಲಿಲ್ಲ. ಆ ಮುದುಕಿಗೆ ನಾನು ಇಂದಿಗೂ ಋಣಿ.

ಸುಮಾರು ಅರ್ಧ ಗಂಟೆಯಲ್ಲಿ ಆಂಬ್ಯುಲೆನ್ಸ್ ಬಂತು. ಅದರಿಂದ ಇಳಿದವನು ನನ್ನ ಹಳೆಯ ವಿದ್ಯಾರ್ಥಿ. ಪಿ.ಯು.ಸಿ.ಯಲ್ಲಿ ನನ್ನ ಕನ್ನಡ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನು. ಆಮೇಲೆ ಮೂರು ವರ್ಷ ಶುಶ್ರೂಷೆಯ ಡಿಪ್ಲೊಮಾ ಮಾಡಿ, 108ರಲ್ಲಿ ಇಎಂಟಿ ಆಗಿ, ಎಂದರೆ ವಾಹನದ ಹಿಂಭಾಗದಲ್ಲಿ ರೋಗಿಯ ಪಕ್ಕ ಕುಳಿತು ಆಸ್ಪತ್ರೆ ತಲಪುವವರೆಗೆ ಜೀವ ಹಿಡಿದಿಡುವವನಾಗಿ, ಸೇರಿದ್ದನಂತೆ. ನನ್ನನ್ನು ಕಂಡು, “ಸಾರ್, ನೀವಾ?” ಎಂದವನು ಮರುಕ್ಷಣವೇ ಆಕೆಯ ಬಳಿ ಮಂಡಿಯೂರಿ ಕುಳಿತ. “ಅಕ್ಕಾ, ಹೆದರಬೇಡಿ. ನಡೀಬೇಡಿ, ಕಾಲು ಅಲ್ಲಾಡಿಸಬೇಡಿ. ನಾವು ಬಂದಾಯ್ತಲ್ಲ,” ಎಂದು ಹೇಳುತ್ತಲೇ ಅವಳ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದ. ಮತ್ತೆ ಹುಡುಕಿದ. ತಲೆಯೆತ್ತಿ, “ಇದನ್ನ ಯಾರು ಕಟ್ಟಿದ್ದು?” ಎಂದು ಕೇಳಿದ.

“ನಾನೇ,” ಎಂದೆ. ದನಿಯಲ್ಲಿ ತುಸು ಹೆಮ್ಮೆಯೂ ಇದ್ದಿರಬೇಕು.

ಅವನು ಏನೂ ಹೇಳಲಿಲ್ಲ. ಕಾಲಿಗೆ ಪಟ್ಟಿಯಿಟ್ಟು ಅಲುಗಾಡದಂತೆ ಕಟ್ಟಿ, ಸ್ಟ್ರೆಚರಿನ ಮೇಲೆ ಮಲಗಿಸಿ, ಫೋನಿನಲ್ಲಿ ವೈದ್ಯರೊಬ್ಬರೊಡನೆ ಮಾತನಾಡಿದ. ಗಂಟು ತಪ್ಪೆಂದು ಅವನ ಮುಖದಿಂದಲೇ ನನಗೆ ತಿಳಿದುಹೋಗಿತ್ತು. ವಾಹನದಲ್ಲಿ ಜತೆಗೆ ಹತ್ತಿದ ನಾನು, “ತಪ್ಪಾಗಿದ್ದರೆ ಬಿಚ್ಚಿಬಿಡೋಣವೇ?” ಎಂದು ಕೈ ಚಾಚಿದೆ. ಅವನು ನನ್ನ ಕೈ ಹಿಡಿದ. ವಿದ್ಯಾರ್ಥಿಯೊಬ್ಬ ನನ್ನ ಕೈಯನ್ನು ತಡೆದು ಹಿಡಿದದ್ದು ಅದೇ ಮೊದಲು. “ಬೇಡ ಸಾರ್. ಕಟ್ಟಬಾರದಿತ್ತು. ಆದ್ರೆ ಕಟ್ಟಿದ್ಮೇಲೆ ಹೀಗೆ ಒಮ್ಮೆಗೇ ಬಿಚ್ಚಲೂಬಾರದು. ಕೆಳಗೆ ನಾಡಿ ಸಿಗ್ತಿಲ್ಲ. ಇದನ್ನ ಡಾಕ್ಟರ ಎದುರಿಗೇ ಬಿಚ್ಚಬೇಕು.”

ಬಿಗಿದ ಕಟ್ಟನ್ನು ಥಟ್ಟನೆ ಬಿಚ್ಚಿದರೆ ಕೆಳಗೆ ನಿಂತಿದ್ದ ವಿಷವೆಲ್ಲ ಒಮ್ಮೆಗೇ ಮೈಗೆ ನುಗ್ಗಿ, ರಕ್ತದೊತ್ತಡ ಕುಸಿಯಬಹುದು, ಉಸಿರು ನಿಲ್ಲಬಹುದು. ಆಸ್ಪತ್ರೆಯಲ್ಲಿ ವೈದ್ಯರು ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ನನ್ನ ಗಂಟಿನ ಮೇಲ್ಭಾಗಕ್ಕೆ ಸುತ್ತಿ ಗಾಳಿ ತುಂಬಿ, ಆಮೇಲೆ ದುಪಟ್ಟಾ ಕತ್ತರಿಸಿ, ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಗಾಜಿನ ನಳಿಗೆಯಲ್ಲಿ ತುಸು ರಕ್ತ ತೆಗೆದು, ಅಲುಗಿಸದೆ ಇಪ್ಪತ್ತು ನಿಮಿಷ ಇಟ್ಟು, ಬಗ್ಗಿಸಿ ನೋಡಿದರು. ಹೆಪ್ಪುಗಟ್ಟಬೇಕಾಗಿದ್ದ ರಕ್ತ ನೀರಿನಂತೆ ಹರಿಯಿತು. ಮಂಡಲದ ವಿಷದ ಗುರುತು ಅದು. ಪ್ರತಿವಿಷದ ಹತ್ತು ಸೀಸೆಗಳನ್ನು ಡ್ರಿಪ್ಪಿನಲ್ಲಿ ಹರಿಸಿದರು. ಆಕೆ ಬದುಕಿದಳು. ಆದರೆ ಹಿಮ್ಮಡಿಯಿಂದ ಮೀನಖಂಡದವರೆಗಿನ ಮಾಂಸ ಕೊಳೆತು, ಗಾಯ ಮಾಯುವುದಕ್ಕೆ ಎರಡು ತಿಂಗಳಿಗೂ ಮಿಕ್ಕಿ ಹಿಡಿಯಿತು. ಅದು ಹಾವಿನ ವಿಷದಿಂದಾದದ್ದೆಷ್ಟು, ನನ್ನ ಗಂಟಿನಿಂದಾದದ್ದೆಷ್ಟು ಎಂದು ವೈದ್ಯರನ್ನು ಕೇಳಿದೆ. ಅವರು, “ಬಿಡಿ ಮೇಷ್ಟ್ರೇ, ಬದುಕಿದಳಲ್ಲ,” ಎಂದರು. ಅದು ಉತ್ತರವಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ಬಿಗಿಯಾಗಿ ಕಟ್ಟಬಾರದು, ಕುಯ್ಯಬಾರದು, ಬಾಯಿಂದ ಹೀರಬಾರದು. ಅಲುಗದಂತೆ ಮಲಗಿಸಿ ಬೇಗ ಆಸ್ಪತ್ರೆಗೆ ಒಯ್ಯಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹಾವು ಕಡಿತದ ಚಿಕಿತ್ಸಾಸೂತ್ರಗಳಲ್ಲಿ ಹೇಳಿ ಹತ್ತು ವರ್ಷಗಳೇ ಕಳೆದಿದ್ದುವು. ನನಗೆ ಅದು ತಿಳಿದಿರಲಿಲ್ಲ. ನಾನು ಅಜ್ಞಾನಿಯಾಗಿದ್ದರೆ ಸುಮ್ಮನೆ ನಿಂತಿರುತ್ತಿದ್ದೆ, ಆಕೆಯ ಕಾಲು ಅಷ್ಟರಮಟ್ಟಿಗೆ ಉಳಿಯುತ್ತಿತ್ತು. ಕೆಡಿಸಿದ್ದು ಅಜ್ಞಾನವಲ್ಲ, ವಾಯಿದೆ ಮುಗಿದ ವಿದ್ಯೆ.

ಆ ಹುಡುಗ (ಮೂವತ್ತು ದಾಟಿದವನನ್ನು ಹುಡುಗ ಎನ್ನುವ ಅಭ್ಯಾಸ ಮೇಷ್ಟ್ರುಗಳಿಗೆ ಹೋಗುವುದಿಲ್ಲ) ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಮನೆಗೆ ಬಂದ. ಕಾಫಿ ಕುಡಿಯುತ್ತ ತನ್ನ ಚೀಲದಿಂದ ಒಂದು ನೋಟುಪುಸ್ತಕ ತೆಗೆದು ತೋರಿಸಿದ. ಕೆಲಸಕ್ಕೆ ಸೇರುವಾಗಿನ ಕೆಲವು ವಾರಗಳ ತರಬೇತಿಯಲ್ಲಿ ಬರೆದುಕೊಂಡ ಟಿಪ್ಪಣಿಗಳು. ಅವನ ಅಕ್ಷರ ಆಗಲೂ ಕೆಟ್ಟದ್ದೇ ಇತ್ತು, ಈಗಲೂ ಹಾಗೆಯೇ ಇದೆ. ನನ್ನ ಗಮನ ಸೆಳೆದದ್ದು ಅಕ್ಷರವಲ್ಲ, ಅದರಲ್ಲಿ ಹೊಡೆದುಹಾಕಿದ್ದ ಸಾಲುಗಳು. ಕೆಂಪು ಶಾಯಿಯಲ್ಲಿ ಗೀಟು ಎಳೆದು, ಪಕ್ಕದಲ್ಲಿ ಇಸವಿ ಹಾಕಿ, ಹೊಸ ಮಾತು ಬರೆದಿದ್ದ. ನಮ್ಮ ಪಂಡಿತರು ತಾಳೆಯ ಪ್ರತಿಗಳನ್ನು ಪರಿಷ್ಕರಿಸುವಾಗ ಪಾಠಾಂತರ ಗುರುತಿಸುವ ಕ್ರಮವೇ.

ಎದೆನೋವೆಂದವರಿಗೆಲ್ಲ ಆಮ್ಲಜನಕ ಕೊಡಬೇಕೆಂಬ ಸಾಲಿಗೆ ಗೀಟು ಬಿದ್ದಿತ್ತು. ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ಕೊಟ್ಟದ್ದರಿಂದ ಲಾಭವಿಲ್ಲವೆಂದು ಆಮೇಲೆ ತಿಳಿಯಿತಂತೆ. ನಿಂತ ಹೃದಯವನ್ನು ಎದೆಯೊತ್ತಿ ನಡೆಸುವ ವಿಧಾನದಲ್ಲಂತೂ ಗೀಟಿನ ಮೇಲೆ ಗೀಟು. ನಿಮಿಷಕ್ಕೆ ಕನಿಷ್ಠ ನೂರು ಸಲ ಒತ್ತಬೇಕೆಂದಿದ್ದುದನ್ನು 2015ರಲ್ಲಿ ನೂರರಿಂದ ನೂರಿಪ್ಪತ್ತು ಎಂದು ತಿದ್ದಿದ್ದರು. ಕನಿಷ್ಠ ಐದು ಸೆಂಟಿಮೀಟರು ಆಳ ಎಂದಿದ್ದುದು, ಐದಕ್ಕೆ ಕಡಿಮೆಯಿಲ್ಲ ಆರಕ್ಕೆ ಹೆಚ್ಚಿಲ್ಲ ಎಂದಾಗಿತ್ತು.

ಈ ಎದೆಯೊತ್ತುವ ವಿದ್ಯೆಯ ಚರಿತ್ರೆಯೇ ಸ್ವಾರಸ್ಯವಾದದ್ದು. ಅಮೆರಿಕದ ಬಾಲ್ಟಿಮೋರಿನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆ ಸೀಳದೆ ಹೊರಗಿನಿಂದ ಒತ್ತಿಯೇ ಹೃದಯವನ್ನು ನಡೆಸಬಹುದೆಂದು 1960ರಲ್ಲಿ ಪ್ರಕಟಿಸಿದರು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದರ ಗುಣವನ್ನು ಪೀಟರ್ ಸಾಫರ್ ಅದಕ್ಕೆ ಸ್ವಲ್ಪ ಮೊದಲೇ ತೋರಿಸಿದ್ದ. ಅದೇ 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಅಭ್ಯಾಸಕ್ಕಾಗಿ ಒಂದು ಗೊಂಬೆ ಮಾಡಿದ. ಅದಕ್ಕೆ ಅವನು ಕೊಟ್ಟ ಮುಖ, ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆನ್ನಲಾದ, ಹೆಸರು ತಿಳಿಯದ ತರುಣಿಯೊಬ್ಬಳ ಮುಖದ ಅಚ್ಚು. ಒಮ್ಮೆ ಬದುಕಿಸಲಾಗದೆ ಹೋದವಳ ತುಟಿಗೆ ತುಟಿಯಿಟ್ಟು ಜಗತ್ತಿನ ಲಕ್ಷಾಂತರ ಜನ ಬದುಕಿಸುವುದನ್ನು ಕಲಿತರು. ಕವಿಗಳಿಗೆ ಬಿಡಬೇಕಾದ ವಸ್ತು, ಇರಲಿ. ನಾನು ಹೇಳಹೊರಟದ್ದು ಬೇರೆ. ಅಂದಿನಿಂದ ಈ ವಿದ್ಯೆಯ ಸೂತ್ರಗಳು ತಿದ್ದುಪಡಿಯಾಗುತ್ತಲೇ ಬಂದಿವೆ. ಹದಿನೈದು ಸಲ ಒತ್ತಿ ಎರಡು ಉಸಿರು ಎಂದಿದ್ದದ್ದು 2005ರಲ್ಲಿ ಮೂವತ್ತಕ್ಕೆ ಎರಡು ಎಂದಾಯಿತು. ಮೊದಲು ಉಸಿರಿನ ದಾರಿ, ಆಮೇಲೆ ಎದೆ ಎಂದಿದ್ದ ಕ್ರಮವನ್ನು 2010ರಲ್ಲಿ ತಿರುಗಿಸಿ, ಮೊದಲು ಎದೆಯೊತ್ತು ಎಂದರು. 2004ರಲ್ಲಿ ಕಲಿತು ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದವನು ಇಂದು ಅದೇ ರೀತಿ ನಡೆದುಕೊಂಡರೆ ಚೌಕಟ್ಟು ಮಾತ್ರ ಸರಿಯಾಗಿರುತ್ತದೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯವೆನಿಸಿದ ಗೀಟು ನಾನು ಕಟ್ಟಿದಂಥ ಗಂಟಿನದೇ. ಯಂತ್ರಕ್ಕೆ ಸಿಕ್ಕಿ ಕೈ ತುಂಡಾಗಿ ರಕ್ತ ಚಿಮ್ಮುತ್ತಿದ್ದರೂ ಬಿಗಿಯಾಗಿ ಕಟ್ಟುವುದು ಕೊನೆಯ ಉಪಾಯ, ಆಗಾಗ ಸಡಿಲಿಸಬೇಕು ಎಂದು ಹಳೆಯ ಪಾಠ. ಈಗ ಅದು ತಿರುಗಿದೆ: ಒತ್ತಿ ಹಿಡಿದರೂ ನಿಲ್ಲದ ರಕ್ತವಾದರೆ ತಡಮಾಡದೆ ಕಟ್ಟು, ಕಟ್ಟಿದ ಗಳಿಗೆ ಬರೆದಿಡು, ಆಸ್ಪತ್ರೆಯವರೆಗೆ ಸಡಿಲಿಸಬೇಡ. ಒಂದೇ ಗಂಟು, ಹಾವಿಗೆ ಬೇಕೆಂದಿದ್ದದ್ದು ಬೇಡವಾಯಿತು, ಹರಿದ ರಕ್ತನಾಳಕ್ಕೆ ಹಿಂಜರಿಯುತ್ತಿದ್ದದ್ದು ಅವಶ್ಯವಾಯಿತು. “ಹೊಸದು ಕಲಿಯೋದು ಕಷ್ಟ ಅಲ್ಲ ಸಾರ್,” ಎಂದ ಅವನು. “ಕೈಗೆ ಹಳೇದು ಮರೆಸೋದೇ ಕಷ್ಟ. ರಾತ್ರಿ ಎರಡು ಗಂಟೆಗೆ, ಮಳೇಲಿ, ಕೈ ತನಗೆ ಗೊತ್ತಿರೋದನ್ನೇ ಮಾಡುತ್ತೆ.”

ಅವನು ಹೋದ ಮೇಲೆ ನನ್ನ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಅವುಗಳಲ್ಲಿ ಒಂದು ಗೀಟೂ ಇರಲಿಲ್ಲ. ಕನ್ನಡದ ಅತ್ಯಂತ ಪ್ರಾಚೀನ ಶಾಸನ ಹಲ್ಮಿಡಿಯದು, ಕಾಲ ಸುಮಾರು ಕ್ರಿ.ಶ. 450, ಎಂದು ಮೊದಲ ಪುಟದಲ್ಲೇ ಇತ್ತು. ಆದರೆ ನಾನು ವರ್ಷವರ್ಷವೂ ವಿದ್ಯಾರ್ಥಿಗಳನ್ನು ನಿಲ್ಲಿಸಿ ಪಾಠ ಹೇಳುವ ತಾಳಗುಂದದಲ್ಲೇ, ಅದೇ ಪ್ರಣವೇಶ್ವರನ ಅಂಗಳದಲ್ಲೇ, 2013ರಲ್ಲಿ ಪುರಾತತ್ತ್ವ ಇಲಾಖೆ ಅಗೆದಾಗ ಸಿಂಹಕಟಾಂಜನದ ಕಲ್ಲೊಂದು ಸಿಕ್ಕಿತು. ಅದರ ಮೇಲಿನ ಬರಹ ಸುಮಾರು ಕ್ರಿ.ಶ. 370ರದೆಂದು ಪುರಾತತ್ತ್ವಜ್ಞರು ಹೇಳಿದ್ದಾರೆ. ವಿದ್ವಾಂಸರ ಚರ್ಚೆ ಇನ್ನೂ ನಡೆಯುತ್ತಿರಬಹುದು. ಆದರೆ ಚರ್ಚೆಯಿದೆ ಎಂಬ ಮಾತಾದರೂ ವಿದ್ಯಾರ್ಥಿಯ ಕಿವಿಗೆ ಬೀಳಬೇಡವೇ? ಪತ್ರಿಕೆಯಲ್ಲಿ ಸುದ್ದಿ ಓದಿದ ಮೇಲೂ ಎರಡು ವರ್ಷ ನಾನು ಹಲ್ಮಿಡಿಯೇ ಮೊದಲು ಎಂದು ಬರೆಯಿಸಿದೆ, ಪರೀಕ್ಷೆಯಲ್ಲಿ ಹಾಗೆ ಬರೆದವರಿಗೇ ಅಂಕ ಕೊಟ್ಟೆ. ಯಾರೂ ಸಾಯಲಿಲ್ಲ. ನಮ್ಮ ವೃತ್ತಿಯ ಸುಖವೂ ಅದೇ, ದುರ್ದೈವವೂ ಅದೇ: ನಮ್ಮ ತಪ್ಪಿಗೆ ರಕ್ತ ಬರುವುದಿಲ್ಲ.

ಅಧ್ಯಾಪಕರಿಗೂ ಮರುಶಿಕ್ಷಣ ಇಲ್ಲವೆಂದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ವಿಶ್ವವಿದ್ಯಾಲಯಗಳಲ್ಲಿ ಪುನಶ್ಚೇತನ ಶಿಬಿರಗಳು ನಡೆದುಕೊಂಡು ಬಂದಿವೆ. ನಾನೂ ಹೋಗಿದ್ದೇನೆ. ಬಡ್ತಿಗೆ ಅದರ ಸರ್ಟಿಫಿಕೇಟು ಬೇಕು. ಬೆಳಗ್ಗೆ ಸಹಿ, ಹನ್ನೊಂದಕ್ಕೆ ಚಹ, ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಸಾಲಿನಲ್ಲಿ ಸುಖನಿದ್ರೆ, ಕೊನೆಯ ದಿನ ಗುಂಪು ಫೋಟೋ. ಒಳ್ಳೆಯ ಉಪನ್ಯಾಸಗಳೂ ಇದ್ದುವು, ಇಲ್ಲವೆನ್ನಲಾರೆ. ಕೇಳಿದವನು ಕೇಳಿದ, ಮಲಗಿದವನು ಮಲಗಿದ, ಇಬ್ಬರಿಗೂ ಒಂದೇ ಸರ್ಟಿಫಿಕೇಟು. ಪರವಾನಗಿಯ ನವೀಕರಣವೆಂಬ ಮಾತು ಬಂದಾಗಲೆಲ್ಲ ನನಗೆ ಈ ಶಿಬಿರದ ನೆನಪಾಗಿ ಭಯವಾಗುತ್ತದೆ.

ಇತರ ದೇಶಗಳಲ್ಲಿ ಏನು ಮಾಡುತ್ತಾರೆಂದು ಕುತೂಹಲದಿಂದ ಓದಿ ನೋಡಿದೆ. ಅಮೆರಿಕದಲ್ಲಿ 1970ರಲ್ಲಿ ಆರಂಭವಾದ ರಾಷ್ಟ್ರೀಯ ನೋಂದಣಿ ಸಂಸ್ಥೆಯೊಂದುಂಟು. ಆಂಬ್ಯುಲೆನ್ಸಿನ ಇಎಂಟಿ ಎರಡು ವರ್ಷಕ್ಕೊಮ್ಮೆ ತನ್ನ ಅರ್ಹತೆಯನ್ನು ಅಲ್ಲಿ ನವೀಕರಿಸಿಕೊಳ್ಳಬೇಕು; ಅದಕ್ಕೆ ನಲವತ್ತು ಗಂಟೆಗಳ ಕಲಿಕೆ, ಅವನಿಗಿಂತ ಮೇಲಿನ ಪ್ಯಾರಾಮೆಡಿಕ್‌ಗೆ ಅರವತ್ತು. ಬ್ರಿಟನ್ನಿನಲ್ಲಿಯೂ ಪ್ಯಾರಾಮೆಡಿಕ್‌ಗಳ ನೋಂದಣಿ ಎರಡು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅಲ್ಲಿ ಗಂಟೆಗಳ ಲೆಕ್ಕ ಕೇಳುವುದಿಲ್ಲ. ನೂರಕ್ಕೆ ಎರಡೂವರೆಯಂತೆ ಕೆಲವರನ್ನು ಆರಿಸಿ, ನೀನು ಏನು ಕಲಿತೆ, ಅದರಿಂದ ರೋಗಿಗೆ ಏನಾಯಿತು, ಬರೆದು ತೋರಿಸು ಎನ್ನುತ್ತಾರೆ. ಯಾರ ಸರದಿ ಬರುವುದೋ ತಿಳಿಯದ್ದರಿಂದ ಎಲ್ಲರೂ ಬರೆದಿಡಬೇಕು. ನಮ್ಮ ಹುಡುಗನ ಕೆಂಪು ಶಾಯಿಯ ನೋಟುಪುಸ್ತಕವನ್ನು ಅಲ್ಲಿ ತೋರಿಸಿದ್ದರೆ ಸಾಕಿತ್ತು.

ನಮ್ಮಲ್ಲಿ? ಕರ್ನಾಟಕದಲ್ಲಿ ‘ಆರೋಗ್ಯ ಕವಚ’ವೆಂಬ ಹೆಸರಿನಲ್ಲಿ 108ರ ವಾಹನಗಳು ಓಡತೊಡಗಿದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ನಮ್ಮ ಮಲೆನಾಡಿನ ಹಳ್ಳಿಗಳ ಪಾಲಿಗೆ ಅದು ಎಂಥ ಬದಲಾವಣೆಯೆಂಬುದನ್ನು, ಹೆರಿಗೆ ನೋವಿನ ಹೆಂಗಸರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ನಡೆದವರು ಬಲ್ಲರು. ಆದರೆ ಆ ವಾಹನದಲ್ಲಿ ಕುಳಿತವನ ವಿದ್ಯೆಯನ್ನು ಗುರುತಿಸುವ ಕಾನೂನು ದೇಶದಲ್ಲಿ ಬಹುಕಾಲ ಇರಲಿಲ್ಲ. ವೈದ್ಯರಿಗೆ ಐದು ವರ್ಷಗಳಲ್ಲಿ ಮೂವತ್ತು ಗಂಟೆಗಳ ಮುಂದುವರಿದ ಶಿಕ್ಷಣವನ್ನು 2002ರ ನಿಯಮಾವಳಿ ಹೇಳಿತು. ದಾದಿಯರಿಗೆ ಐದು ವರ್ಷಕ್ಕೆ ನೂರೈವತ್ತು ಗಂಟೆಗಳೆಂದು ಭಾರತೀಯ ಶುಶ್ರೂಷಾ ಪರಿಷತ್ತು ಹೇಳಿತು. ನಮ್ಮ ಹುಡುಗ ಶುಶ್ರೂಷೆ ಓದಿದವನಾದ್ದರಿಂದ ದಾದಿಯಾಗಿ ಅವನ ಹೆಸರು ಒಂದು ಪಟ್ಟಿಯಲ್ಲುಂಟು. ಇಎಂಟಿಯಾಗಿ? ತುರ್ತು ವೈದ್ಯಕೀಯ ತಂತ್ರಜ್ಞ ಎಂಬ ವೃತ್ತಿಯ ಹೆಸರು ಸಂಸತ್ತಿನ ಕಾಯಿದೆಯೊಂದರ ಅನುಸೂಚಿಯಲ್ಲಿ ಕಾಣಿಸಿಕೊಂಡದ್ದು 2021ರಲ್ಲಿ, ವೈದ್ಯಕೀಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯಲ್ಲಿ. ಆ ಕಾಯಿದೆ ಡಿಪ್ಲೊಮಾ ಮಟ್ಟಕ್ಕೇ ಎರಡು ಸಾವಿರ ಗಂಟೆಗಳ ಕಲಿಕೆಯನ್ನು ಕೇಳುತ್ತದೆ, ರಾಜ್ಯ ಪರಿಷತ್ತಿನಲ್ಲಿ ನೋಂದಣಿಯನ್ನು ವಿಧಿಸುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ವಾಚಕರ ಗಮನಕ್ಕೆ ತರದಿರಲಾರೆ. ಆ ವಾಹನದ ಮುಂದೆ ಕುಳಿತು ಚಕ್ರ ತಿರುಗಿಸುವವನಿಗೆ ಮೊದಲಿನಿಂದಲೂ ಪರವಾನಗಿಯುಂಟು, ಅದಕ್ಕೆ ಅವಧಿಯುಂಟು. ಅಷ್ಟೇಕೆ, 1988ರ ಮೋಟಾರು ವಾಹನ ಕಾಯಿದೆ, ಅಪಾಯಕರ ವಸ್ತುಗಳನ್ನು ಸಾಗಿಸುವ ಲಾರಿಯ ಚಾಲಕ ತನ್ನ ಪರವಾನಗಿಯನ್ನು ನವೀಕರಿಸಿಕೊಳ್ಳುವ ಮುನ್ನ ಒಂದು ದಿನದ ಮರುತರಬೇತಿ ಪಡೆಯಲೇಬೇಕೆಂದು ವಿಧಿಸಿತ್ತು. ಆಮ್ಲದ ಟ್ಯಾಂಕರು ನಡೆಸುವವನ ವಿದ್ಯೆ ಹಳಸಬಹುದೆಂಬ ಶಂಕೆ ಅಂದಿನ ಶಾಸನಕರ್ತರಿಗೆ ಬಂದಿತು. ಉಸಿರು ನಿಂತವನನ್ನು ಒಯ್ಯುವವನ ವಿಷಯದಲ್ಲಿ ಆ ಶಂಕೆ ಬರುವುದಕ್ಕೆ ಇನ್ನೂ ಮೂರು ದಶಕ ಬೇಕಾಯಿತು.

ಪರವಾನಗಿ ಕಡ್ಡಾಯವಾಗಲಿ ಎಂದೇ ನನ್ನ ಅಭಿಪ್ರಾಯ. ಹಾಗೆಂದು ಅವನ ಮುಂದೆ ಹೇಳಿದಾಗ ಅವನು ನಕ್ಕ. “ಮಾಡ್ಲಿ ಸಾರ್. ಆದ್ರೆ ನಾನು ಟ್ರೈನಿಂಗಿಗೆ ಹೋದ ದಿನ ಗಾಡೀಲಿ ಯಾರು ಕೂರ್ತಾರೆ?” ಹನ್ನೆರಡು ಗಂಟೆಯ ಪಾಳಿ. ಬದಲಿಯವನು ರಜೆಯಲ್ಲಿದ್ದರೆ ಇಪ್ಪತ್ತನಾಲ್ಕು. ಬೆಂಗಳೂರಿಗೆ ಹೋಗಿಬರುವ ಖರ್ಚು ಯಾರದು? ಮೊಬೈಲಿನಲ್ಲೇ ಪಾಠ ಕೇಳಬಹುದಲ್ಲ ಎಂದರೆ, ಸೊರಬದ ಕಾಡಂಚಿನಲ್ಲಿ ರೋಗಿಯ ವಿಷಯ ವೈದ್ಯರಿಗೆ ತಿಳಿಸಲೇ ಸಿಗ್ನಲ್ಲಿಗಾಗಿ ದಿಬ್ಬ ಹತ್ತಬೇಕು. ಸಂಬಳ ಬಾಕಿಯೆಂದು 108ರ ನೌಕರರು ಮುಷ್ಕರದ ಎಚ್ಚರಿಕೆ ಕೊಟ್ಟ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಓದಿದ್ದೇವೆ. ಸಂಬಳವೇ ಸರಿಯಾಗಿ ಬಾರದವನ ತಲೆಯ ಮೇಲೆ ನವೀಕರಣದ ಶುಲ್ಕವನ್ನೂ ಹೊರಿಸಿದರೆ, ಅವನು ಕಲಿಯುವುದಿಲ್ಲ, ಕೆಲಸ ಬಿಡುತ್ತಾನೆ. ಕಲಿಕೆಯ ದಿನವನ್ನು ಕೆಲಸದ ದಿನವೆಂದೇ ಎಣಿಸಿ ಸಂಬಳ ಕೊಡುವುದು, ಬದಲಿಯನ್ನು ಒದಗಿಸುವುದು, ಇವೆರಡಿಲ್ಲದ ಕಡ್ಡಾಯ ಬರಿಯ ದಂಡನೆ.

ಇನ್ನು ಕಲಿಸುವುದೇನನ್ನು? ಅಮೆರಿಕದ ಆ ನಲವತ್ತು ಗಂಟೆಗಳಲ್ಲಿ ನನಗೆ ಹಿಡಿಸಿದ ಅಂಶ, ಅವನ್ನು ಹಂಚಿರುವ ಬಗೆ. ಇಪ್ಪತ್ತು ಗಂಟೆ ದೇಶಕ್ಕೆಲ್ಲ ಸಮಾನವಾದ ವಿಷಯ. ಹತ್ತು, ಆಯಾ ಸೀಮೆಯ ಅಗತ್ಯಕ್ಕೆ ತಕ್ಕದ್ದು. ಹತ್ತು, ಕಲಿಯುವವನ ಇಷ್ಟ. ನಮ್ಮ ಸೀಮೆಯ ಹತ್ತು ಗಂಟೆಗಳಲ್ಲಿ ಏನಿರಬೇಕೆಂದು ಅವನನ್ನು ಕೇಳಿದೆ. ಯೋಚಿಸದೆ ಹೇಳಿದ: ಹಾವು, ಅಡಿಕೆ ಮರದಿಂದ ಬಿದ್ದವರ ಬೆನ್ನುಮೂಳೆ, ಕ್ರಿಮಿನಾಶಕ ಕುಡಿದವರು, ದಾರಿಯಲ್ಲೇ ಆಗುವ ಹೆರಿಗೆ, ಭತ್ತ ಮತ್ತು ಜೋಳ ಒಕ್ಕುವ ಯಂತ್ರಕ್ಕೆ ಸಿಕ್ಕ ಕೈ, ಮಂಗನ ಕಾಯಿಲೆ.

ಮಂಗನ ಕಾಯಿಲೆಯ ಹೆಸರು ಬಂದಾಗ ನಾವಿಬ್ಬರೂ ತುಸು ಹೊತ್ತು ಸುಮ್ಮನಾದೆವು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯೆಂದು ಅಚ್ಚಾಗಿರುವ ಆ ಕ್ಯಾಸನೂರು ಇರುವುದು ಪಕ್ಕದ ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿ, ಕಾಡಿಗೆ ಹೋದವರಿಗೆ ಜ್ವರ ಬಂದು, ಉಣ್ಣೆಯಿಂದ ಹರಡುವ ಹೊಸದೊಂದು ವೈರಸ್ ಎಂದು ಪುಣೆಯ ವಿಜ್ಞಾನಿಗಳು ಕಂಡುಹಿಡಿದರು. ಆ ಕಾಯಿಲೆಗೆ ವರ್ಷಗಟ್ಟಲೆ ಹಾಕುತ್ತ ಬಂದಿದ್ದ ಲಸಿಕೆಯನ್ನು, ಪರಿಣಾಮ ಸಾಲದೆಂದು, 2022ರಲ್ಲಿ ನಿಲ್ಲಿಸಿದರು. ಅವನ ಪುಸ್ತಕದಲ್ಲಿ ಅಲ್ಲೂ ಒಂದು ಗೀಟು. “ಲಸಿಕೆ ಹಾಕಿಸಿದೀರಾ ಅಂತ ಕೇಳ್ತಿದ್ವಿ ಸಾರ್, ಹಾಕಿಸಿದೀವಿ ಅಂದ್ರೆ ನಮಗೂ ಧೈರ್ಯ. ಈಗ ಹಾಗೆ ಕೇಳಿ ಪ್ರಯೋಜನ ಇಲ್ಲ. ಕಾಡಿಗೆ ಹೋಗಿದ್ರಾ, ಮಂಗ ಸತ್ತಿತ್ತಾ, ಅಷ್ಟೇ ಕೇಳೋದು.” ದೂರದ ರಾಜಧಾನಿಯಲ್ಲಿ ಕುಳಿತು ಪಾಠಪಟ್ಟಿ ಮಾಡುವವರಿಗೆ ಈ ಎರಡು ಪ್ರಶ್ನೆಗಳು ಹೊಳೆಯಲಾರವು. ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ವಿಷಯವೆಂದು ಕರ್ನಾಟಕ 2024ರಲ್ಲಿ ಘೋಷಿಸಿತು. ಅದೇ ವರ್ಷದ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆ ಹೊರಡಿಸಿತು. ಆ ವರದಿಗಳು ಆಂಬ್ಯುಲೆನ್ಸಿನವನ ಪಾಠಕ್ಕೂ ಇಳಿದು ಬಂದರೆ ಸಾರ್ಥಕ.

ತಾಳಗುಂದದಿಂದ ಸ್ವಲ್ಪ ದೂರದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇಗುಲಕ್ಕೆ ಸೇರಿದ್ದ ಕೋಡಿಯ ಮಠವೆಂಬ ಕಾಳಾಮುಖ ಮಠವಿತ್ತು. ಅದನ್ನು ಬಣ್ಣಿಸುವ 1162ರ ಶಾಸನ ನನ್ನ ವಿದ್ಯಾರ್ಥಿಗಳಿಗೆ ಉದ್ದನೆಯ ಪಟ್ಟಿಯಾಗಿ ಬೇಸರ ತರಿಸುತ್ತದೆ. ವೇದ, ಹಲವು ವ್ಯಾಕರಣಗಳು, ದರ್ಶನಗಳು, ಪುರಾಣ, ಕಾವ್ಯ, ನಾಟಕ, ಇವೆಲ್ಲ ಅಲ್ಲಿ ಅಧ್ಯಯನವಾಗುತ್ತಿದ್ದುವೆಂದು ಹೇಳಿದ ಉಸಿರಿನಲ್ಲೇ, ದೀನರಿಗೆ ಅನ್ನ ಕೊ��ುವ, ಅನಾಥ ರೋಗಿಗಳಿಗೆ ಔಷಧೋಪಚಾರ ಮಾಡುವ ತಾಣವೂ ಅದೇ ಎಂದು ಶಾಸನ ಹೇಳುತ್ತದೆ. ಓದುವ ಕೋಣೆಗೂ ನರಳುವವರ ಜಗಲಿಗೂ ನಡುವೆ ಗೋಡೆಯಿರಲಿಲ್ಲ. ನಾನು ಇಪ್ಪತ್ತು ವರ್ಷ ಆ ಶಾಸನದ ಮೊದಲರ್ಧವನ್ನು ವಿವರಿಸಿ, ಎರಡನೆಯ ಅರ್ಧವನ್ನು “ಇತ್ಯಾದಿ” ಎಂದು ದಾಟಿಸಿದ್ದೆ.

ಕಳೆದ ಡಿಸೆಂಬರಿನಲ್ಲಿ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಅವನನ್ನು ಕರೆಸಿದೆ. ತನ್ನ ವಾರದ ರಜೆಯ ದಿನ, ಎರವಲು ತಂದ ಗೊಂಬೆಯೊಂದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಮಾತು ಕಡಿಮೆ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ನೆಲದ ಮೇಲೆ ಕೂರಿಸಿದ. ವಿದ್ಯಾರ್ಥಿಗಳ ಬಳಿಕ ಅಧ್ಯಾಪಕರ ಸರದಿ. ಉಳಿದವರು ಪಂಚೆ, ಸೀರೆ, ಮಂಡಿನೋವುಗಳ ನೆಪ ಹೇಳಿದರು. ನಾನು ಹೇಳುವಂತಿರಲಿಲ್ಲ.

ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ಒತ್ತತೊಡಗಿದೆ. ಅವನು ಎಣಿಸುತ್ತಿದ್ದ. “ಮೊಣಕೈ ಬಗ್ಗಿಸಬೇಡಿ ಸಾರ್. ಇನ್ನೂ ಆಳ. ಒತ್ತಿದ್ಮೇಲೆ ಪೂರ್ತಿ ಬಿಡಿ, ಎದೆ ಮೇಲೇಳಬೇಕು.” ಒಂದು ನಿಮಿಷಕ್ಕೆ ಉಸಿರು ನನಗೇ ಬೇಕಾಯಿತು. ಎರಡು ನಿಮಿಷವಾದಾಗ ಅವನು ನಿಲ್ಲಿಸಲು ಹೇಳಿ, ವಿದ್ಯಾರ್ಥಿಗಳೆಲ್ಲರ ಮುಂದೆ, ಯಾವ ಸಂಕೋಚವೂ ಇಲ್ಲದೆ, “ಸಾಲಲ್ಲ ಸಾರ್, ಇನ್ನೊಂದು ಸಲ,” ಎಂದ. ಮೂರನೆಯ ಸಲಕ್ಕೆ ಆಗಬಹುದೆಂದ. ಹಿಂದೆ ನಿಂತಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು.

ಸರ್ಟಿಫಿಕೇಟೇನೂ ಕೊಡಲಿಲ್ಲ. ಈ ಅಭ್ಯಾಸ ಕೆಲವೇ ತಿಂಗಳುಗಳಲ್ಲಿ ಕೈಯಿಂದ ಜಾರಿಹೋಗುತ್ತದೆಯಂತೆ. ಎರಡು ವರ್ಷದ ವಾಯಿದೆಯೂ ಬಹಳವೆಂದು ತಿಳಿದವರು ಹೇಳುತ್ತಾರಂತೆ. ನನ್ನ ಹಾಜರಾತಿ ಪುಸ್ತಕವನ್ನು ಇಸಿದುಕೊಂಡು, ಅದರ ಹಿಂದಿನ ಹಾಳೆಯಲ್ಲಿ ತನ್ನ ಕೆಟ್ಟ ಅಕ್ಷರದಲ್ಲಿ, “ಜೂನ್ ಕೊನೇ ವಾರ, ಮತ್ತೆ” ಎಂದು ಬರೆದು ಕೊಟ್ಟು, ಗೊಂಬೆಯನ್ನು ಬೈಕಿಗೆ ಕಟ್ಟಿಕೊಂಡು ರಾತ್ರಿ ಪಾಳಿಗೆ ಹೊರಟ.